ಟಕ್ ಎನ್ನುವ ಫರಸಿ

ನಮ್ಮ ಮನೆಯ ತಲಬಾಗಿಲಿನ ಮುಂದೆ ಒಂದು ಫರಸಿ ಅಲುಗುತ್ತದೆ. ಫರಸಿ ಎಂದರೆ ಶಹಾಬಾದಿನ ಕಲ್ಲುಹಾಸು. ನಮ್ಮ ಕಡೆ ಹುಟ್ಟಿದವರು ಅಂಬೆಗಾಲಿಟ್ಟದ್ದು, ಜಾರಿ ಬಿದ್ದು ಹಲ್ಲು ಮುರಿದುಕೊಂಡದ್ದು, ಬೇಸಿಗೆಯಲ್ಲಿ ನೀರು ಚಿಮುಕಿಸಿ ಬರಿಮೈಯಲ್ಲಿ ಮಲಗಿದ್ದು ಎಲ್ಲ ಅದರ ಮೇಲೆಯೇ. ಅಂಗಳದ ಉಳಿದ ಕಲ್ಲುಗಳೆಲ್ಲ ಗಟ್ಟಿಯಾಗಿ ಕೂತಿವೆ. ಇದೊಂದರ ಬಲಮೂಲೆಯ ಕೆಳಗೆ ಮಾತ್ರ ಮಣ್ಣು ಕುಸಿದು ಪೊಳ್ಳಾಗಿದೆ. ಆ ಮೂಲೆಯ ಮೇಲೆ ಭಾರವಾದ ಕಾಲು ಬಿದ್ದರೆ ‘ಟಕ್’ ಎನ್ನುತ್ತದೆ. ಹಗುರಾದವರು ಬಂದರೆ ಸುಮ್ಮನಿರುತ್ತದೆ. ಹಾಲಿನವರು, ಅಂಚೆಯವರು, ನನ್ನ ಹೆಂಡತಿ ಸುಧಾ, ಇವರು ಯಾರು ತುಳಿದರೂ ಅದು ಬಾಯಿ ಬಿಡುವುದಿಲ್ಲ. ನನ್ನ ಕಾಲಿಗೆ ಮಾತ್ರ ಬಿಡುತ್ತದೆ. ನಮ್ಮ ಚಿತ್ತಾಪುರದಲ್ಲಿ ಗೌಂಡಿಗಳಿಗೆ ಬರವೇನಿಲ್ಲ. ಒಂದು ಬುಟ್ಟಿ ಸಿಮೆಂಟು ಸುರಿದರೆ ಅರ್ಧ ಗಂಟೆಯ ಕೆಲಸ. ಆದರೂ ನಾನು ಅದನ್ನು ಸರಿಮಾಡಿಸಿಲ್ಲ. ಯಾಕೆಂದು ಹೇಳಬೇಕಾದರೆ ನನ್ನ ತೂಕದ ವಿಷಯ ತೆಗೆಯಬೇಕು. ಅದು ನಾನಾಗಿ ತೆಗೆಯುವ ವಿಷಯವಲ್ಲ, ಆದರೂ ನಿಮ್ಮ ಮುಂದೆ ಮುಚ್ಚುಮರೆ ಯಾಕೆ?

ನಾನು ಗುಂಡಗುರ್ತಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಹೋದ ಬೇಸಿಗೆಯಲ್ಲಿ ಬಸ್ಸಿನ ಮೆಟ್ಟಿಲು ಹತ್ತುವಾಗ ಎಡಮೊಣಕಾಲು ಕಿರ್ ಎಂದಿತು. ಕಂಡಕ್ಟರ್ ತಿರುಗಿ ನೋಡಿದರು. ಬಸ್ಸಿನದ್ದೇ ಸಪ್ಪಳ ಎಂದು ಭಾವಿಸಿರಬೇಕು. ಡಾಕ್ಟರ ಹತ್ತಿರ ಹೋದೆ. ಅವರು ಮೊಣಕಾಲನ್ನು ಮುಟ್ಟಿ ಸಹ ನೋಡದೆ ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಎಂಬತ್ತೆಂಟು ಕಿಲೋ. “ಹತ್ತು ಕಿಲೋ ಇಳಸ್ರಿ ಮಾಸ್ತರ, ಮೊಣಕಾಲು ತಾನೇ ಸುಮ್ಮನಾಗ್ತದ” ಎಂದು, ಯಾವ ಹೊತ್ತಿಗೆ ಏನು ತಿನ್ನಬೇಕು, ಮುಖ್ಯವಾಗಿ ಏನು ತಿನ್ನಬಾರದು ಎಂಬ ಒಂದು ಪಟ್ಟಿ ಕೊಟ್ಟರು. ಪಟ್ಟಿಯಲ್ಲಿ ರೊಟ್ಟಿ ಎರಡಕ್ಕೆ ಇಳಿದಿತ್ತು. ಶೇಂಗಾದ ಹಿಂಡಿ, ಅಂದರೆ ಚಟ್ನಿಪುಡಿ, ಚಮಚೆಯ ಲೆಕ್ಕಕ್ಕೆ ಬಂದಿತ್ತು. ತುಪ್ಪದ ಹೆಸರೇ ಇರಲಿಲ್ಲ.

ಅವತ್ತೇ ಅವ್ವನಿಗೆ ಹೇಳಿದೆ, “ನಾಳಿಂದ ನಂದು ಅರ್ಧ ಉಪವಾಸ ಅವ್ವಾ.”

ಅವ್ವ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು, “ಯಾರ ಸಲುವಾಗಿ?”

“ಯಾರ ಸಲುವಾಗಿ ಅಂದ್ರ? ನನ್ನ ಸಲುವಾಗಿ.”

“ತನ್ನ ಸಲುವಾಗಿ ತಾ ಉಪವಾಸ ಇರೂದು ಇವತ್ತೇ ಕೇಳ್ಲಿಕತ್ತೀನಿ ನೋಡು” ಎಂದು ನಕ್ಕಳು.

ನಾನೂ ನಕ್ಕೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅವ್ವ ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಒಂದು ಏಕಾದಶಿಯನ್ನೂ ತಪ್ಪಿಸಿದವಳಲ್ಲ. ಅಪ್ಪನ ಆರೋಗ್ಯಕ್ಕೆಂದು ಶನಿವಾರ, ನನ್ನ ಪರೀಕ್ಷೆಗೆಂದು ಗುರುವಾರ, ಹೀಗೆ ವಾರವಿಡೀ ಯಾರಿಗಾದರೂ ಒಬ್ಬರಿಗೆ ಹಂಚಿ ಉಪವಾಸ ಮಾಡಿದವಳು. ಅಷ್ಟೆಲ್ಲ ಮಾಡಿಯೂ ಅವಳಿಗೆ ತನ್ನ ತೂಕ ಎಷ್ಟೆಂದು ಗೊತ್ತಿಲ್ಲ, ಗೊತ್ತುಮಾಡಿಕೊಳ್ಳಬೇಕು ಎಂದೂ ಅನಿಸಿಲ್ಲ. ನಾನು ಒಂದೇ ಹೊತ್ತಿನ ಎರಡು ರೊಟ್ಟಿ ಬಿಟ್ಟು ಸಂಜೆಯ ಒಳಗೆ ಎಷ್ಟು ಇಳಿದಿರಬಹುದೆಂದು ಸೊಂಟದ ಪಟ್ಟಿ ಎಳೆದು ನೋಡುತ್ತಿದ್ದೆ.

ಇಳಿಯುವುದರ ಬಗ್ಗೆ ನನಗೆ ನಿಜವಾಗಿಯೂ ಕುತೂಹಲ. ದೇಹದಿಂದ ಎರಡು ಕಿಲೋ ಹೋಯಿತು ಎನ್ನುತ್ತೇವಲ್ಲ, ಅದು ಹೋಗುವುದು ಎಲ್ಲಿಗೆ? ಇದನ್ನೇ ಒಂದು ದಿನ ಒಂಬತ್ತನೆಯ ತರಗತಿಯಲ್ಲಿ ಕೇಳಿದೆ. ಬೆವರಿನಲ್ಲಿ ಎಂದರು, ಶಾಖವಾಗಿ ಎಂದರು. ಬಹುಪಾಲು ಉಸಿರಿನಲ್ಲೇ ಹೋಗುತ್ತದೆ, ಕೊಬ್ಬು ಕರಗಿ ಗಾಳಿಯಾಗಿ ಮೂಗಿನಿಂದ ಹೊರಗೆ ಬರುತ್ತದೆ ಎಂದು ನಾನು ವಿವರಿಸಿದೆ. ಮುಂದಿನ ಸಾಲಿನ ಒಬ್ಬ ಹುಡುಗಿ ಭಾಳ ಹೊತ್ತು ಯೋಚಿಸಿ ಎದ್ದು ನಿಂತಳು. “ಹಂಗಾದ್ರ ಸರ, ನೀವು ಇಲ್ಲಿ ಬಿಟ್ಟಿದ್ದು ನಾವು ಒಳಗ ತಗೊಂಡ್ರ ನಮ್ಮ ತೂಕ ಹೆಚ್ಚಾಗ್ತದೇನ್ರಿ?” ನನ್ನ ಉತ್ತರಕ್ಕೆ ಕಾಯದೆ ಹಿಂದಿನ ಸಾಲಿನವರು ಕಿಟಕಿ ತೆರೆದರು.

ಈ ತೂಕ ನನಗೆ ಎಲ್ಲಿಂದ ಬಂತು ಎನ್ನುವುದನ್ನೂ ಹೇಳಬೇಕು, ಏಕೆಂದರೆ ನಾನು ಹುಟ್ಟಾ ದಪ್ಪ ಅಲ್ಲ. ಏಳು ತಿಂಗಳಿಗೇ ಹುಟ್ಟಿದವನು. ಹುಟ್ಟಿದಾಗ ಸೂಲಗಿತ್ತಿ ನನ್ನನ್ನು ಅರಳೆಯಲ್ಲಿ ಸುತ್ತಿ ಮೊರದಲ್ಲಿ ಮಲಗಿಸಿದ್ದಳಂತೆ. ಆರು ವರ್ಷಕ್ಕೂ ನನ್ನ ಪಕ್ಕೆಲುಬು ಎಣಿಸಬಹುದಿತ್ತು. ಆಗ ಅಪ್ಪ ಇಲ್ಲಿನ ಕೋರ್ಟಿನಲ್ಲಿ ಗುಮಾಸ್ತರು, ಒಳ್ಳೆಯ ಮೈಕಟ್ಟಿನವರು. ಸಂಜೆ ಅವರು ಬಂದು ಬಾಗಿಲಿನ ಮುಂದೆ ಕಾಲಿಟ್ಟರೆ ಇದೇ ಫರಸಿ ಟಕ್ ಎನ್ನುತ್ತಿತ್ತು. ಒಳಗೆ ಅವ್ವ ಅದನ್ನು ಕೇಳಿಯೇ ರೊಟ್ಟಿಯ ಹಂಚು ಒಲೆಯ ಮೇಲಿಡುತ್ತಿದ್ದಳು. ಅಪ್ಪ ಕೈಕಾಲು ತೊಳೆದು ಬರುವಷ್ಟರಲ್ಲಿ ಮೊದಲ ರೊಟ್ಟಿ ಉಬ್ಬಿರುತ್ತಿತ್ತು. ನಾನು ಅಪ್ಪನ ಹಾಗೆ ಸಪ್ಪಳ ಮಾಡಬೇಕೆಂದು ಆ ಮೂಲೆಯ ಮೇಲೆ ನಿಂತು ಜಿಗಿಯುತ್ತಿದ್ದೆ. ಎಷ್ಟು ಜಿಗಿದರೂ ಕಲ್ಲು ಮಿಸುಕುತ್ತಿರಲಿಲ್ಲ. ಬಾಗಿಲ ಸಂದಿಯಿಂದ ಅದನ್ನು ನೋಡಿದ ಅವ್ವ ಒಂದು ದಿನ ನಮ್ಮ ಓಣಿಯ ವೆಂಕಟರಮಣನ ಗುಡಿಗೆ ಹೋಗಿ ಹರಕೆ ಹೊತ್ತು ಬಂದಳು: ನನ್ನ ಮಗನ ಕಾಲಿನಲ್ಲಿ ಆ ಫರಸಿ ಸಪ್ಪಳ ಮಾಡಲಿ, ಅವನ ತೂಕದಷ್ಟು ಬೆಲ್ಲ ನಿನಗೆ ತೂಗುತ್ತೇನೆ.

ವೆಂಕಟರಮಣ ಅವಸರ ಮಾಡಲಿಲ್ಲ. ನಾನು ಓದಿ, ಮಾಸ್ತರನಾಗಿ, ಮದುವೆಯಾದರೂ ಸೊಪ್ಪಿನ ದಂಟಿನ ಹಾಗೆಯೇ ಇದ್ದೆ. ಆಮೇಲೆ ಕುಂಚಾವರಂಗೆ ವರ್ಗವಾಯಿತು. ಚಿಂಚೋಳಿಯ ಆಚೆ, ಕಾಡಿನ ಅಂಚಿನಲ್ಲಿರುವ ಊರು. ಅರ್ಧ ತೆಲುಗು, ಅರ್ಧ ಕನ್ನಡ. ಅಲ್ಲಿ ಊಟಕ್ಕೆ ಒಬ್ಬ ಅಜ್ಜಿಯ ಮನೆ ಗೊತ್ತುಮಾಡಿಕೊಂಡಿದ್ದೆ. ನಾನು ತೆಲುಗಿನಲ್ಲಿ ‘ಸಾಕು’ ಎನ್ನುವುದನ್ನು ಕಲಿಯುವುದಕ್ಕೆ ಮೊದಲೇ ಆಕೆ ‘ಇಂಕೊಂಚೆಂ’ ಎನ್ನುತ್ತ ಇನ್ನೊಂದಿಷ್ಟು ಬಡಿಸಿಬಿಡುತ್ತಿದ್ದಳು. ಬಿಸಿ ಅನ್ನ, ಪುಂಡಿಪಲ್ಲೆಯ ಪಚ್ಚಡಿ, ಅದರ ಮೇಲೆ ಹಸಿ ಎಣ್ಣೆ. ‘ಸಾಕು’ ಕಲಿತ ಮೇಲೂ ನಾನು ಅದನ್ನು ಬಳಸಲಿಲ್ಲ. ಅಲ್ಲಿದ್ದ ನಾಲ್ಕು ವರ್ಷದಲ್ಲಿ ಪ್ಯಾಂಟುಗಳನ್ನು ಮೂರು ಸಲ ಬಿಚ್ಚಿಸಿ ಹೊಲಿಸಿದೆ.

ಅಷ್ಟರಲ್ಲಿ ಅಪ್ಪ ತೀರಿಕೊಂಡಿದ್ದರು. ಫರಸಿ ಎರಡು ವರ್ಷ ಸುಮ್ಮನಿತ್ತು. ವರ್ಗವಾಗಿ ಊರಿಗೆ ಬಂದ ದಿನ ಸಂಜೆ ಎರಡೂ ಕೈಯಲ್ಲಿ ಸಾಮಾನು ಹಿಡಿದು ಬಾಗಿಲಿಗೆ ಬಂದೆ. ಟಕ್. ಒಳಗಿನಿಂದ ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ನನ್ನನ್ನು ನೋಡಿದಳು, ಕಾಲಿನ ಕೆಳಗಿನ ಕಲ್ಲನ್ನು ನೋಡಿದಳು. ಒಳಗೆ ಹೋಗಿ ಹಂಚು ಇಟ್ಟಳು. ಅವಳಿಗೆ ಆ ಗಳಿಗೆಯಲ್ಲಿ ಸಂತೋಷವಾಯಿತೋ, ಅಪ್ಪನ ನೆನಪಾಗಿ ದುಃಖವಾಯಿತೋ ನನಗೆ ಇವತ್ತಿಗೂ ತಿಳಿದಿಲ್ಲ. ಕೇಳುವ ಧೈರ್ಯವೂ ಆಗಿಲ್ಲ.

ಅವತ್ತಿನಿಂದ ಹರಕೆ ಬಾಕಿ. ನಾನೇ ತಳ್ಳುತ್ತ ಬಂದೆ. ತಕ್ಕಡಿಯ ಪರಡಿಯಲ್ಲಿ ಪದ್ಮಾಸನ ಹಾಕಿ ಕೂತು ಎಲ್ಲರೆದುರು ತೂಗಿಸಿಕೊಳ್ಳುವುದೆಂದರೆ ನನಗೆ ನಾಚಿಕೆ. ಊರಿನ ಅರ್ಧ ಜನ ನನ್ನ ಶಿಷ್ಯರು. ಮರುದಿನದಿಂದ ನನಗೆ ಬೆಲ್ಲದ ಮಾಸ್ತರ ಎಂದು ಹೆಸರು ಬೀಳುವುದರಲ್ಲಿ ಸಂಶಯವಿರಲಿಲ್ಲ. ಅವ್ವ ಪೀಡಿಸುವವಳಲ್ಲ. ವರ್ಷಕ್ಕೊಮ್ಮೆ, ಹೊಸ ಬೆಲ್ಲ ಬಂದಾಗ, “ಈ ವರ್ಷರ ಕುಂದ್ರತಿ ಏನೋ?” ಎನ್ನುತ್ತಿದ್ದಳು. ನಾನು ಏನಾದರೂ ನೆಪ ಹೇಳುತ್ತಿದ್ದೆ.

ಹೋದ ಬೇಸಿಗೆಯ ಹೊತ್ತಿಗೆ ಅವ್ವನ ಕಣ್ಣು ಹೋಗುತ್ತಿತ್ತು. ಎಡಗಣ್ಣು ಪೂರ್ತಿ ಹೋಗಿತ್ತು, ಬಲಗಣ್ಣಿನಲ್ಲಿ ಎದುರಿನದು ಮಾತ್ರ ಮಂಜುಮಂಜಾಗಿ ಕಾಣುತ್ತಿತ್ತು. ಅದೂ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ನನ್ನ ಡಾಕ್ಟರ ಪಟ್ಟಿ ಮನೆಗೆ ಬಂದ ದಿನ ಅವಳು ಮೊದಲ ಸಲ ಒತ್ತಾಯದಿಂದ ಮಾತಾಡಿದಳು. “ವೆಂಕ್ಯಾ, ನನ್ನ ಕಣ್ಣಾಗ ಇನ್ನೊಂದೀಟು ಬೆಳಕದ. ಅದು ಹೋಗೂದ್ರೊಳಗ ನೀ ತಕ್ಕಡ್ಯಾಗ ಕುಂತಿದ್ದು ನೋಡಬೇಕು. ಇಷ್ಟೇ ಕೇಳ್ತೀನಿ.”

ನಾನು ಹೇಳಿದ್ದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ. “ಎಂಬತ್ತಕ್ಕ ಇಳೀಲಿ ಅವ್ವಾ, ಇಳಿದ ವಾರನೇ ಕುಂದ್ರತೀನಿ” ಎಂದುಬಿಟ್ಟೆ. ಹತ್ತು ಕಿಲೋದ ಗುರಿಯೊಳಗೆ ಎಂಟು ಕಿಲೋದ ಇನ್ನೊಂದು ಗುರಿ. ತುಸು ತೆಳ್ಳಗಾಗಿ ಕೂತರೆ ಜನ ಕಡಿಮೆ ನಗುತ್ತಾರೆ ಎನ್ನುವ ಆಸೆ ನನಗೆ. ಅವ್ವ, “ದೇವರಿಗೆ ಕೊಡೂದ್ರಾಗ ಎಂಟು ಕಿಲೋ ಉಳಸ್ತೀ ಅನ್ನು” ಎಂದಳು.

ಮನೆಯಲ್ಲಿ ತೂಕದ ಯಂತ್ರವಿಲ್ಲ. ನನ್ನ ಬಾಲ್ಯದ ಗೆಳೆಯ ಖಾಜಾ ಸ್ಟೇಷನ್ ರಸ್ತೆಯ ಒಂದು ದಾಲ್ ಮಿಲ್ಲಿನಲ್ಲಿ ಕಾಂಟಾ ನೋಡಿಕೊಳ್ಳುತ್ತಾನೆ. ಕಾಂಟಾ ಎಂದರೆ ಚೀಲ ತೂಗುವ ಕಬ್ಬಿಣದ ದೊಡ್ಡ ತಕ್ಕಡಿ. ಮೂವತ್ತು ವರ್ಷದಿಂದ ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಬಂದ ತೊಗರಿಯನ್ನೆಲ್ಲ ತೂಗಿ ಗಟ್ಟಿಯಾಗಿ ಕೂಗಿ ಹೇಳುವುದು ಅವನ ಕೆಲಸ. ಸೋಮವಾರಕ್ಕೊಮ್ಮೆ ಬಸ್ಸಿಳಿದು ನಾನೂ ಅದರ ಮೇಲೆ ನಿಂತು ಬರುವುದೆಂದು ಗೊತ್ತಾಯಿತು.

ಮೊದಲ ಸೋಮವಾರ ನಾನು ಕಣ್ಣು ಮುಚ್ಚಿಕೊಂಡೆ. “ನಂಗ ಕಡ್ಡಿ ತೋರಿಸಬ್ಯಾಡೋ ಮಾರಾಯ, ಬರೇ ಹೇಳು.”

“ಹಿಲ್ ಮತ್, ಅಲುಗಬ್ಯಾಡ ಮಾಸ್ತರ” ಎಂದ ಖಾಜಾ. ಗುಂಡು ಸರಿಸುವ ಸಪ್ಪಳ ಕೇಳಿಸಿತು. ಆಮೇಲೆ ಇಡೀ ಮಿಲ್ಲಿಗೆ ಕೇಳುವ ಹಾಗೆ, “ಎಂಬತ್ನಾಕು!” ಎಂದು ಕೂಗಿದ.

ಐದು ದಿನದಲ್ಲಿ ನಾಲ್ಕು ಕಿಲೋ! ನಾನು ಬಿಟ್ಟದ್ದು ದಿನಕ್ಕೆ ಎರಡು ರೊಟ್ಟಿ, ಚಹಾದ ಸಕ್ಕರೆ, ಅಷ್ಟೇ. ಮನುಷ್ಯನ ದೇಹ ಎಂಥ ಸೋಜಿಗ ಎಂದು ಯೋಚಿಸುತ್ತ ಮನೆಗೆ ಬಂದೆ. ಶಾಲೆಯ ಸಹೋದ್ಯೋಗಿಗಳಿಗೆಲ್ಲ ಸಕ್ಕರೆ ಬಿಡಲು ಉಪದೇಶ ಮಾಡಿದೆ. ಸೇಡಂನಲ್ಲಿರುವ ಷಡ್ಡಕನಿಗೆ ಫೋನು ಮಾಡಿ, ಅವನು ಕೇಳದಿದ್ದರೂ, ರೊಟ್ಟಿಯ ದುಷ್ಪರಿಣಾಮ ಹೇಳಿದೆ.

ಆಮೇಲಿನ ವಾರಗಳಲ್ಲಿ ತೂಕ ನಿಧಾನವಾಗಿ ಇಳಿಯಿತು. ಎಂಬತ್ಮೂರು ಮುಕ್ಕಾಲು, ಎಂಬತ್ಮೂರು. ಆಷಾಢದಲ್ಲಿ ಮಳೆ ಹತ್ತಿತು. ಅಲ್ಲಿಂದ ನನ್ನ ಇಳಿತಕ್ಕೆ ವೇಗ ಬಂತು. ನಾಲ್ಕು ದಿನ ಜಿಟಿಜಿಟಿ ಮಳೆ ಹಿಡಿದರೆ ಒಂದು ಕಿಲೋ ಕಡಿಮೆ. ಮಳೆಗೂ ಕೊಬ್ಬಿಗೂ ಏನು ಸಂಬಂಧ ಎಂದು ನನ್ನೊಳಗಿನ ವಿಜ್ಞಾನದ ಮಾಸ್ತರ ತಲೆಕೆಡಿಸಿಕೊಂಡ. ತಂಪು ಹವೆಯಲ್ಲಿ ಮೈ ಬೆಚ್ಚಗಿಡಲು ದೇಹವೇ ತನ್ನ ಕೊಬ್ಬನ್ನು ಸುಡುತ್ತಿರಬೇಕು ಎಂದು ಒಂದು ಸಿದ್ಧಾಂತ ಕಟ್ಟಿ, ಅದಕ್ಕೆ ಚಿತ್ರವನ್ನೂ ಬರೆದಿಟ್ಟೆ. ಶ್ರಾವಣದ ಒಂದು ಸೋಮವಾರ ಖಾಜಾ ಕೂಗಿದ, “ಎಪ್ಪತ್ತೊಂಬತ್ತು!” ನಾನು ಕಾಂಟಾದಿಂದ ಇಳಿದು ಅವನನ್ನು ಅಪ್ಪಿಕೊಂಡೆ.

ಪ್ಯಾಂಟಿನ ಸೊಂಟ ಮಾತ್ರ ಮೊದಲಿನಷ್ಟೇ ಬಿಗಿ ಇತ್ತು. ಬಟ್ಟೆ ಒಗೆದು ಒಗೆದು ಕುಗ್ಗಿರಬೇಕು ಎಂದುಕೊಂಡೆ.

ಹರಕೆಯ ದಿನ ಗೊತ್ತಾಯಿತು. ಹತ್ತು ಹತ್ತು ಕಿಲೋದ ಎಂಟು ಪೆಂಟಿ ಬೆಲ್ಲ ತಂದೆ; ಪೆಂಟಿ ಎಂದರೆ ದೊಡ್ಡ ಅಚ್ಚು. ಒಂದು ಕಿಲೋ ದೇವರಿಗೆ ಹೆಚ್ಚೇ ಹೋಗಲಿ ಎನ್ನುವ ಔದಾರ್ಯ ನನ್ನದು. ಎಂಟು ಎನ್ನುವುದನ್ನು ಅವ್ವ ಕೇಳಿಸಿಕೊಂಡಳು. ಸುಧಾಳನ್ನು ಕರೆದು ಒಳಗೆ ಏನೋ ಹೇಳಿದಳು. ಅತ್ತೆ ಸೊಸೆಯ ಗುಟ್ಟಿನಲ್ಲಿ ತಲೆಹಾಕುವ ಅಭ್ಯಾಸ ನನಗಿಲ್ಲ.

ಬೆಳಿಗ್ಗೆ ಗುಡಿಯಲ್ಲಿ ಹದಿನೈದು ಇಪ್ಪತ್ತು ಜನ ಸೇರಿದ್ದರು. ಮೂವರು ನನ್ನ ಹಳೆಯ ಶಿಷ್ಯರು. ಬೆಲ್ಲವನ್ನು ಮಿಲ್ಲಿನ ಗಾಡಿಯಲ್ಲಿ ತಂದುಕೊಟ್ಟ ಖಾಜಾ ಅಂಗಳದ ಕಂಬಕ್ಕೆ ಒರಗಿ ನಿಂತಿದ್ದ. ಅವ್ವನನ್ನು ತಕ್ಕಡಿಯ ಎದುರಿಗೇ ಮಣೆ ಹಾಕಿ ಕೂರಿಸಿದ್ದೆವು. ನಾನು ಪಂಚೆಯುಟ್ಟು ಶಲ್ಯ ಹೊದ್ದು ಪರಡಿಯಲ್ಲಿ ಕೂತೆ. ಅರ್ಚಕರು ಆ ಕಡೆಯ ಪರಡಿಯಲ್ಲಿ ಒಂದೊಂದೇ ಪೆಂಟಿ ಇಟ್ಟರು. ಐದು, ಆರು, ಏಳು. ನಾನು ಏಳುವುದಕ್ಕೆ ಸಿದ್ಧನಾಗಿ ಸರಪಳಿ ಹಿಡಿದೆ. ಎಂಟು.

ಪರಡಿ ಮಿಸುಕಲಿಲ್ಲ. ಅರ್ಚಕರು ಬೆಲ್ಲವನ್ನು ಸರಿಸಿ ಇಟ್ಟರು. ಕೆಳಗೆ ಏನಾದರೂ ಸಿಕ್ಕಿದೆಯೇ ಎಂದು ಬಗ್ಗಿ ನೋಡಿದರು. “ಮಾಸ್ತರ, ಶಲ್ಯಾ ತಗದು ನೋಡ್ರಿ” ಎಂದರು. ತೆಗೆದೆ. ನಾನು ನೆಲ ಬಿಡಲಿಲ್ಲ. ಶಿಷ್ಯರಲ್ಲೊಬ್ಬ ಕೆಮ್ಮಿದ. ಅದು ನೆಗಡಿಯ ಕೆಮ್ಮಲ್ಲ ಎಂದು ನನಗೆ ಗೊತ್ತಾಯಿತು.

ಕೂತಲ್ಲಿಂದಲೇ ಕೂಗಿದೆ, “ಏ ಖಾಜಾ! ಎಪ್ಪತ್ತೊಂಬತ್ತು ಅಂದಿದ್ದಿಲ್ಲೇನೋ?”

“ಹೌದು, ನಿವ್ವಳ ಎಪ್ಪತ್ತೊಂಬತ್ತೇ.”

“ನಿವ್ವಳ ಅಂದ್ರ?”

ಖಾಜಾ ಇದರಲ್ಲಿ ಕೇಳುವುದೇನಿದೆ ಎನ್ನುವ ಹಾಗೆ ಬೆರಳು ಮಡಚಿದ. “ಚೀಲದ್ದು ಒಂದು, ಕಸದ್ದು ಒಂದು, ಹಸೀದು ಎರಡು. ಮಳಿಗಾಲದಾಗ ಹಸಿ ಜಾಸ್ತಿ ಇರ್ತದಲ್ಲ, ಐದರ ತನಕ ಹಿಡೀತೀವಿ. ಎಂಬತ್ತಾರರಾಗ ಒಟ್ಟು ಏಳು ಕಳದ್ರ ಎಪ್ಪತ್ತೊಂಬತ್ತು.”

“ನಾ ಏನ್ ತೊಗರಿ ಚೀಲೇನೋ?”

“ಅರೆ, ನೀನೇ ಕಣ್ಣ ಮುಚ್ಚಿಕೊಂಡು ಹೇಳು ಅಂದಿ, ನಾ ಹೇಳಿದೆ. ಮೂವತ್ತು ವರ್ಷಾತು ಯಾರ್, ಕಾಂಟಾದ ಮ್ಯಾಲ ಯಾರೇ ನಿಂದರ್ಲಿ, ಬಾಯಿ ತಾನೇ ಕಳದು ಹೇಳ್ತದ. ಮೊನ್ನೆ ನನ್ನ ಮೊಮ್ಮಗಳಿಗೂ ಹಸಿ ಹಿಡದೀನಿ.”

ಗುಡಿಯಲ್ಲಿದ್ದವರೆಲ್ಲ ನಕ್ಕರು. ಅರ್ಚಕರು ಕಂಬದ ಹಿಂದೆ ಹೋಗಿ ನಕ್ಕರು. ನನ್ನ ಮಳೆ ಸಿದ್ಧಾಂತ ಕಣ್ಣೆದುರೇ ಕೊಚ್ಚಿಹೋಯಿತು. ಮೂರು ತಿಂಗಳ ಅರ್ಧಹೊಟ್ಟೆಗೆ ನಾನು ನಿಜವಾಗಿ ಇಳಿದದ್ದು ಎರಡು ಕಿಲೋ ಎಂದು ಕೂತಲ್ಲೇ ಲೆಕ್ಕ ಹಾಕಿದೆ. ಅದಕ್ಕಿಂತ ಹೆಚ್ಚಾಗಿ ಕಣ್ಣು ತುಂಬಿ ಬಂದದ್ದು ಅವ್ವನನ್ನು ನೋಡಿ. ಇಷ್ಟು ವರ್ಷ ಕಾಯಿಸಿ, ಕಡೆಗೆ ಕೂತ ದಿನವೂ ಅವಳ ಹರಕೆಯನ್ನು ಅರ್ಧಕ್ಕೆ ನಿಲ್ಲಿಸಿಬಿಟ್ಟೆನಲ್ಲ ಎನ್ನಿಸಿತು.

ಅವ್ವ ಮಾತ್ರ ಗಾಬರಿಯಾಗಲಿಲ್ಲ. “ಸುಧಾ, ಆ ಚೀಲ ಕೊಡವಾ” ಎಂದಳು. ಸುಧಾ ಬಾಗಿಲ ಮರೆಯಿಂದ ಕೈಚೀಲ ತಂದಳು. ಅದರೊಳಗೆ ಇನ್ನೊಂದು ಪೆಂಟಿ ಬೆಲ್ಲ.

“ನಿಂಗ ಮದಲೇ ಗೊತ್ತಿತ್ತೇನವ್ವಾ?”

“ಗೊತ್ತಿರದೇ ಏನು? ನೀ ಐದು ಇಳದೀನಿ, ಒಂಬತ್ತು ಇಳದೀನಿ ಅಂತಿದ್ದಿ. ಫರಸಿ ಮದಲಿನಂಗೇ ಸಪ್ಪಳ ಮಾಡ್ಲಿಕತ್ತಿತ್ತು. ನಾ ಯಾರ ಮಾತು ನಂಬಬೇಕೋ?”

ಒಂಬತ್ತನೆಯ ಪೆಂಟಿ ಕೂತಿತು. ಸರಪಳಿ ಕಿರ್ರೆಂದು ಬಿಗಿಯಿತು. ನಾನು ಮೆಲ್ಲಗೆ ಮೇಲೆದ್ದೆ. ಅವ್ವ ಮಣೆಯ ಮೇಲಿಂದ ಮುಂದಕ್ಕೆ ಬಗ್ಗಿದಳು. ಮುಖವನ್ನು ಹತ್ತಿರ ತಂದು ಬಲಗಣ್ಣಿನಿಂದ ನೋಡಿದಳು. ಅಷ್ಟು ಸಾಲದೆ ಕೈಯನ್ನು ಪರಡಿಯ ಕೆಳಗೆ ತೂರಿಸಿ, ನೆಲಕ್ಕೂ ನನಗೂ ನಡುವೆ ಅಂತರವಿದೆಯೇ ಎಂದು ಆಚೆ ಈಚೆ ಆಡಿಸಿದಳು.

“ಎದ್ದಾನ” ಎಂದಳು, ದೇವರ ಕಡೆ ತಿರುಗಿ. “ನೋಡಪಾ, ಒಂಬತ್ತು ಪೆಂಟಿ. ಮೊರದಾಗ ಮಲಗಿದ ಕೂಸು.”

ಬೆಲ್ಲದ ಮಾಸ್ತರ ಎನ್ನುವ ಹೆಸರು ಅವತ್ತೇ ಬಿತ್ತು. ಹೊತ್ತುಕೊಂಡಿದ್ದೇನೆ. ಎಣಿಸಿದಷ್ಟು ಭಾರವೇನಿಲ್ಲ.

ಹರಕೆ ತೀರಿದ ಮೇಲೆ ನನ್ನ ಪಥ್ಯ ನಿಜವಾಗಿ ಶುರುವಾಯಿತು. ಮನೆಗೊಂದು ಯಂತ್ರ ತಂದೆ. ಕಣ್ಣು ತೆರೆದುಕೊಂಡೇ ಅದರ ಮೇಲೆ ನಿಲ್ಲುತ್ತೇನೆ. ನೆಪ ಹೇಳುವುದಕ್ಕೆ ಏನೂ ಉಳಿದಿರಲಿಲ್ಲವಾದ್ದರಿಂದಲೋ ಏನೋ ತೂಕ ಇಳಿಯತೊಡಗಿತು. ಸಂಜೆ ಎರಡು ನಿಲ್ದಾಣ ಮೊದಲೇ ಇಳಿದು ನಡೆದು ಬರುತ್ತಿದ್ದೆ. ದೀಪಾವಳಿ ಕಳೆದು ಚಳಿ ಬೀಳುವ ಹೊತ್ತಿಗೆ ಎಪ್ಪತ್ತೆಂಟಕ್ಕೆ ಬಂದೆ. ಇದು ನಿವ್ವಳವಲ್ಲ, ಪೂರ್ತಿ ಲೆಕ್ಕ. ಮೊಣಕಾಲು ಡಾಕ್ಟರು ಹೇಳಿದ ಹಾಗೆ ಸುಮ್ಮನಾಗಿದೆ.

ಆ ವಾರದಲ್ಲೇ ಒಂದು ಸಂಜೆ ಬಾಗಿಲಿಗೆ ಬಂದು ಫರಸಿಯ ಮೇಲೆ ಕಾಲಿಟ್ಟೆ. ಸಪ್ಪಳವಿಲ್ಲ. ಖುಷಿಯಾಗಿ ಹಿಂದಕ್ಕೆ ಹೋಗಿ ಮತ್ತೆ ಕಾಲಿಟ್ಟೆ. ಇಲ್ಲ. ಗೆದ್ದೆ ಎಂದುಕೊಂಡು ಒಳಗೆ ಹೋದೆ. ಅವ್ವ ಪಡಸಾಲೆಯಲ್ಲಿ ಕೂತು ಬೆರಳಿನಿಂದಲೇ ಮುಟ್ಟಿ ಮುಟ್ಟಿ ಬೇಳೆಯ ಕಲ್ಲು ಆರಿಸುತ್ತಿದ್ದಳು. ಬಲಗಣ್ಣೂ ಆ ತಿಂಗಳು ಹೋಗಿತ್ತು. ನಾನು ಎದುರಿಗೆ ನಿಂತರೂ ಅವಳ ಮುಖ ಬಾಗಿಲ ಕಡೆಗೇ ಇತ್ತು. ನನ್ನ ಚೀಲ ಕೆಳಗಿಟ್ಟ ಸಪ್ಪಳಕ್ಕೆ ಅವಳು ತಟ್ಟನೆ ತಿರುಗಿದಾಗ ಮೊರ ವಾಲಿ ಬೇಳೆ ಚೆಲ್ಲಿತು.

“ಯಾರು?”

“ನಾ ಅವ್ವಾ, ವೆಂಕ್ಯಾ.”

“ನೀನೇನೋ? ಫರಸಿ ಸಪ್ಪಳಾಗ್ಲಿಲ್ಲ.” ತಡಕಿ ನನ್ನ ತೋಳು ಹಿಡಿದಳು. “ಆರು ಹೊಡೀತು, ಇನ್ನಾ ಯಾಕ ಬರ್ಲಿಲ್ಲ ಅಂತ ಅದನ್ನೇ ಕೇಳ್ಕೋತ ಕುಂತಿದ್ದೆ.”

ನಾನು ಕೂತು ಚೆಲ್ಲಿದ ಬೇಳೆ ಬಳಿದೆ.

ಮರುದಿನ ಸಂಜೆಯಿಂದ ಹೀಗೆ ಮಾಡುತ್ತೇನೆ. ಓಣಿಯಲ್ಲಿ ಯಾರೂ ಇಲ್ಲವೆಂದು ಆ ಕಡೆ ಈ ಕಡೆ ನೋಡಿ, ಚೀಲವನ್ನು ಎದೆಗವಚಿಕೊಂಡು, ಎರಡೂ ಕಾಲು ಜೋಡಿಸಿ ಆ ಮೂಲೆಯ ಮೇಲೆ ಜಿಗಿಯುತ್ತೇನೆ. ಮೊಣಕಾಲಿಗೆ ಇದು ಒಳ್ಳೆಯದಲ್ಲ. ಪಟ್ಟಿಯ ಕೊನೆಯಲ್ಲಿ ‘ಜಿಗಿಯಬಾರದು’ ಎಂದು ಡಾಕ್ಟರು ಅಡಿಗೆರೆ ಎಳೆದು ಬರೆದಿದ್ದಾರೆ. ಆರು ವರ್ಷದವನಿದ್ದಾಗ ಎಷ್ಟು ಜಿಗಿದರೂ ಮಾತಾಡದ ಕಲ್ಲು ಈಗ ಒಂದೇ ಸಲಕ್ಕೆ ಟಕ್ ಎನ್ನುತ್ತದೆ.

ಒಳಗಿನಿಂದ ಅವ್ವನ ದನಿ ಬರುತ್ತದೆ. “ಸುಧಾ, ವೆಂಕ್ಯಾ ಬಂದ. ಹಂಚು ಇಡವಾ.”